ಗಲ್ಲಿಯ ಬಾಯಿಗೆ ಎಂಟು ನಿಮಿಷ

ಬೆಂಕಿ ಆರಿಸಿ ಬಂದ ಪೈಪು ಹೆಣದಷ್ಟು ಭಾರ ಇರುತ್ತದೆ. ಆ ಫೈರ್ ಸ್ಟೇಷನ್ನಿನಲ್ಲಿ ಇದು ಪೈಪಕ್ಕನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಗಂಡಸರು ಪೈಪುಗಳನ್ನು ಗಾಡಿಯಿಂದ ಎಳೆದು ಅಂಗಳಕ್ಕೆ ಬಿಸಾಕಿ, ಕೈಕಾಲು ತೊಳೆದು ಚಹಾ ಕುಡಿಯಲು ಹೋಗುತ್ತಿದ್ದರು. ಅಲ್ಲಿಂದ ಮುಂದಿನದು ಅವಳ ಪಾಲು. ಕೆಸರು, ಬೂದಿ, ಕರಗಿದ ಪ್ಲಾಸ್ಟಿಕ್ಕು, ಕೆಲವು ಸಲ ಬಾಯಿಬಿಟ್ಟು ಹೇಳಬಾರದ್ದೂ ಆ ಪೈಪುಗಳಿಗೆ ಅಂಟಿಕೊಂಡಿರುತ್ತಿತ್ತು. ಮಂಡಿಯೂರಿ ಬ್ರಷ್ಷಿನಿಂದ ಉಜ್ಜಬೇಕು. ಹೊರಳಿಸಿ ಇನ್ನೊಂದು ಮಗ್ಗುಲು ಉಜ್ಜಬೇಕು. ಹಿತ್ತಲಿನ ಕಬ್ಬಿಣದ ಗೋಪುರದ ರಾಟೆಗೆ ಕಟ್ಟಿ ಮೇಲಕ್ಕೆ ಎಳೆದು ನೇತುಹಾಕಬೇಕು. ಒಣಗಿದ ಮೇಲೆ ಇಳಿಸಿ ಸುರುಳಿ ಸುತ್ತಬೇಕು. ಹದಿನೇಳು ವರ್ಷ ಇದನ್ನೇ ಮಾಡಿ ಅವಳ ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗಿಳಿದಿತ್ತು.

ಗಲ್ಲಿಯವರು ಪೈಪಕ್ಕ ಅಂತ ಕರೆದರು. ಅದೇ ಹೆಸರು ನಿಂತಿತು. ಸ್ಟೇಷನ್ನಿನ ರಿಜಿಸ್ಟರಿನಲ್ಲಿ ಆ ಹೆಸರೂ ಇರಲಿಲ್ಲ, ಹೆತ್ತವರಿಟ್ಟ ಹೆಸರೂ ಇರಲಿಲ್ಲ. ಗುತ್ತಿಗೆದಾರನ ಹಾಳೆಯಲ್ಲಿ 'ಸ್ವಚ್ಛತೆ – ಒಬ್ಬರು' ಎಂದಿತ್ತು. ಆ ಒಬ್ಬರು ಇವಳು. ಕಕ್ಕಸು ತೊಳೆಯುವುದೂ ಇವಳೇ, ನೆಲ ಒರೆಸುವುದೂ ಇವಳೇ. ಒಮ್ಮೆ ಸ್ಟೇಷನ್ನಿಗೆ ಯಾವುದೋ ಪ್ರಶಸ್ತಿ ಬಂದಾಗ ಎಲ್ಲರೂ ಗಾಡಿಯ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಅವಳೂ ಕೈ ಒರೆಸಿಕೊಂಡು ತುದಿಗೆ ಹೋಗಿ ನಿಂತಳು. ಫೋಟೋದವನು, "ಅಮ್ಮಾ, ನೀವು ಸ್ವಲ್ಪ ಆಚೆ" ಅಂದ. ಆಚೆ ಹೋದಳು. "ಇನ್ನೂ ಸ್ವಲ್ಪ" ಅಂದ. ಇನ್ನೂ ಆಚೆ ಹೋದಾಗ ಬೆನ್ನಿಗೆ ಗೋಡೆ ಸಿಕ್ಕಿತು.

ಸ್ಟೇಷನ್ನಿನ ಕಾಂಪೌಂಡಿಗೆ ಬೆನ್ನು ಹಚ್ಚಿಕೊಂಡೇ ಅವಳ ಗಲ್ಲಿ. ಹಳೇ ಹಾಸಿಗೆ ಬಿಚ್ಚುವವರ ಗಲ್ಲಿ. ಊರಿನವರು ಮಲಗಿ, ಹೆತ್ತು, ಕಾಯಿಲೆ ಬಿದ್ದು, ಸತ್ತು, ಕೊನೆಗೆ ಬೀದಿಗೆಸೆದ ಹಾಸಿಗೆಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಹೆಂಗಸರು ಬಾಗಿಲಲ್ಲಿ ಕೂತು ಹೊಲಿಗೆ ಕತ್ತರಿಸಿ ಹತ್ತಿ ಬೇರೆ, ನಾರು ಬೇರೆ, ಫೋಮು ಬೇರೆ, ಸ್ಪ್ರಿಂಗು ಬೇರೆ ಮಾಡುತ್ತಿದ್ದರು. ಪೈಪಕ್ಕನ ಗಂಡ ಆ ದೂಳು ಕುಡಿದು ಕುಡಿದು ಎದೆ ಕಟ್ಟಿ ಸತ್ತು ಹನ್ನೊಂದು ವರ್ಷ. ಉಳಿದವಳು ಅತ್ತೆ. ಸೊಂಟ ಮುರಿದು ಮಂಚ ಹಿಡಿದಿದ್ದಳು. ನಾಲಿಗೆ ಮಾತ್ರ ನಡೆದಾಡುತ್ತಿತ್ತು. ನಾಲ್ಕು ಮನೆ ಆಚೆ ನಾದಿನಿ, ಗಂಡನ ತಂಗಿ.

ಗಲ್ಲಿಯ ಅಗಲ ನಾಲ್ಕು ಹೆಜ್ಜೆ. ಎರಡೂ ಕಡೆ ತಗಡಿನ ಶೆಡ್ಡು, ಶೆಡ್ಡಿನ ತುಂಬ ಹತ್ತಿ, ಫೋಮು. ಒಂದು ಕಿಡಿ ಸಾಕು. ಅದಕ್ಕೇ ಸ್ಟೇಷನ್ನಿನಲ್ಲಿ ಒಂದು ಚಿಕ್ಕ ಗಾಡಿ ಇತ್ತು. ಎರಡೂ ಪಕ್ಕದ ಕನ್ನಡಿ ಒಳಗೆ ಮಡಚಿಕೊಂಡು ಅದು ಗಲ್ಲಿಯ ಹೊಟ್ಟೆಯವರೆಗೆ ನುಗ್ಗುತ್ತಿತ್ತು. ನಾಲ್ಕು ವರ್ಷದ ಹಿಂದೆ ಮಟಮಟ ಮಧ್ಯಾಹ್ನ ಮೂರನೇ ಶೆಡ್ಡಿಗೆ ಬೆಂಕಿ ಬಿದ್ದಾಗ, ಹೆಂಗಸರು ಮಕ್ಕಳನ್ನು ಎಣಿಸಿ ಮುಗಿಸುವಷ್ಟರಲ್ಲಿ ಚಿಕ್ಕ ಗಾಡಿ ಬಂದು ನೀರು ಹೊಡೆದಿತ್ತು. ಶೆಡ್ಡು ಹೋಯಿತು. ಗಲ್ಲಿ ಉಳಿಯಿತು.

ಆ ಸ್ಟೇಷನ್ನು ಮುಚ್ಚುತ್ತಾರಂತೆ ಎಂದು ಮೊದಲು ಹೇಳಿದ್ದು ಗೇಟಿಗೆ ಅಂಟಿಸಿದ ಕಾಗದ. 'ಸ್ಥಳಾಂತರ ಮತ್ತು ಉನ್ನತೀಕರಣ' ಎಂದಿತ್ತು. ಪೈಪಕ್ಕ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಮೊದಲನೇ ಪದವೇ ನಾಲಿಗೆಗೆ ಸಿಕ್ಕಿಕೊಂಡಿತು. ಪೊರಕೆ ಹಿಡಿದುಕೊಂಡೇ ಸ್ಟೇಷನ್ ಆಫೀಸರನ ಕೋಣೆಗೆ ಹೋದಳು. ಪೊರಕೆ ಇಲ್ಲದೆ ಆ ಕೋಣೆಗೆ ಹೋಗುವ ಹಾಗಿರಲಿಲ್ಲ.

"ಸಾರ್, ಮುಚ್ತೀರಂತೆ?"

"ಮುಚ್ಚೋದಲ್ಲಮ್ಮಾ. ದೊಡ್ಡದು ಮಾಡ್ತಿದೀವಿ. ರೈಲ್ವೆ ಗೇಟಿನ ಆಚೆ ಹೊಸ ಬಿಲ್ಡಿಂಗ್ ನೋಡಿಲ್ವಾ? ಮೂರು ಗಾಡಿ ನಿಲ್ಲೋ ಜಾಗ. ಇಪ್ಪತ್ತು ಅಂತಸ್ತಿಗೆ ಏಣಿ ಹಾಕೋ ಗಾಡಿ ಬಂದಿದೆ."

"ನಮ್ಮ ಗಲ್ಲೀಲಿ ಒಂದೇ ಅಂತಸ್ತು ಸಾರ್. ಅದೂ ಬಗ್ಗಿ ಹೋಗ್ಬೇಕು."

ಆಫೀಸರ್ ನಕ್ಕ. ಒಳ್ಳೆಯವನೇ. ಬೈಯುತ್ತಿರಲಿಲ್ಲ. ಆದರೆ ನಕ್ಕಾದ ಮೇಲೆ ಮಾತು ಮುಗಿಯಿತು ಅಂತಲೇ ಲೆಕ್ಕ.

"ಚಿಕ್ಕ ಗಾಡಿ?"

"ಅದು ಹಳೇದಾಯ್ತು. ಗುಜರಿಗೆ."

"ಈ ಜಾಗ?"

"ಹೊಸ ಅಪಾರ್ಟ್‌ಮೆಂಟಿನವರಿಗೆ ಕಾರು ನಿಲ್ಲಿಸೋ ಕಟ್ಟಡ ಬರುತ್ತಂತೆ. ಆ ಮೂಲೆ ಸರಿಯಾಗಿ ಗುಡಿಸಿಲ್ಲ ನೋಡು."

ಅವಳು ಮೂಲೆ ಗುಡಿಸಿದಳು.

ಐದು ಜನ ಹೆಂಗಸರು ಅರ್ಜಿ ಬರೆಸಿಕೊಂಡು ದೊಡ್ಡ ಕಚೇರಿಗೆ ಹೋದರು. ನಾಲ್ಕನೇ ಕಿಟಕಿಯವನು ಏಳನೆಯದಕ್ಕೆ ಕಳಿಸಿದ. ಏಳನೆಯವನು ಊಟಕ್ಕೆ ಹೋಗಿದ್ದ. ಊಟ ಮುಗಿಸಿ ಬಂದವನು ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ಹತ್ತಿಯ ಎಳೆ ಅಂಟಿತ್ತು. ಊದಿದ.

"ಆಕ್ಷೇಪಣೆ ಕೊಡೋಕೆ ಕೊನೇ ದಿನ ಮುಗೀತಲ್ಲ."

"ನೋಟಿಸ್ ಅಂಟಿಸಿದ್ದೇ ಮೊನ್ನೆ!" ಅಂದಳು ನಾದಿನಿ.

"ಅಂಟಿಸೋದು ಬೇರೆ ಸೆಕ್ಷನ್ನು."

"ಹಾಗಾದ್ರೆ ಆ ಸೆಕ್ಷನ್ನಿಗೆ ಕೊಡ್ತೀವಿ."

"ಅವರು ಅಂಟಿಸ್ತಾರೆ ಅಷ್ಟೇ. ತಗೊಳ್ಳಲ್ಲ."

ಮೂರು ಸಲ ಹೋದರು. ಮೂರನೇ ಸಲ ಕಾವಲಿನವನು ಬಾಗಿಲಲ್ಲೇ, "ಮತ್ತೆ ಬಂದ್ರಾ?" ಅಂದ. ವಾಪಸ್ ಬರುವಾಗ ರೈಲ್ವೆ ಗೇಟು ಹಾಕಿತ್ತು. ಬಿಸಿಲಲ್ಲಿ ಹದಿನೈದು ನಿಮಿಷ ನಿಂತರು. ಗೂಡ್ಸ್ ರೈಲು ಹೋಗುತ್ತಲೇ ಇತ್ತು. ಪೈಪಕ್ಕ ಡಬ್ಬಿ ಎಣಿಸಿದಳು. ಎಣಿಸುತ್ತಾ ಎಣಿಸುತ್ತಾ ನಿಲ್ಲಿಸಿದಳು. ಫೈರ್ ಇಂಜಿನ್ನು ಬಂದರೂ ಇಲ್ಲೇ ತಾನೇ ನಿಲ್ಲುವುದು?

ಆ ವಾರವೇ ಆಫೀಸರ್ ಅವಳನ್ನು ಕರೆದ. ಪೊರಕೆ ಬೇಡ, ಸುಮ್ಮನೆ ಬಾ ಅಂದ. ಕೂರು ಅಂತಲೂ ಅಂದ. ಹದಿನೇಳು ವರ್ಷದಲ್ಲಿ ಅವಳು ಆ ಕುರ್ಚಿಯನ್ನು ಒರೆಸಿದ್ದಳೇ ಹೊರತು ಅದರ ಮೇಲೆ ಕೂತಿರಲಿಲ್ಲ. ಕೂರಲಿಲ್ಲ.

"ಮಂಗಳವಾರ ಹನ್ನೊಂದು ಗಂಟೆಗೆ ಟ್ರಯಲ್ ಇದೆ. ಹೊಸ ಸ್ಟೇಷನ್ನಿಂದ ನಿಮ್ಮ ಗಲ್ಲಿಗೆ ಗಾಡಿ ಎಷ್ಟು ನಿಮಿಷಕ್ಕೆ ಬರುತ್ತೆ ಅಂತ ದೊಡ್ಡ ಸಾಹೇಬ್ರು ನೋಡ್ತಾರೆ. ಹತ್ತರ ಒಳಗೆ ಬಂದ್ರೆ ಸಾಕು. ಅಲ್ಲಿನ ನಿವಾಸಿ ಒಬ್ಬರು ಸಾಕ್ಷಿ ಸಹಿ ಹಾಕ್ಬೇಕು. ನೀನಾದ್ರೆ ನಮ್ಮವಳೇ."

ನಮ್ಮವಳೇ. ಆ ಮಾತು ಅವಳಿಗೆ ಮುಳ್ಳಿನ ಹಾಗೆ ಚುಚ್ಚಿತು.

"ಹೊಸ ಕಡೆ ಪೈಪು ತೊಳೆಯೋಕೆ ಮೆಷಿನ್ ಇದೆ," ಅಂದ ಆಫೀಸರ್, ಮೇಜಿನ ಮೇಲಿನ ಪೆನ್ನು ನೇರ ಮಾಡುತ್ತಾ. "ಆದ್ರೂ ನೆಲ ಒರೆಸೋಕೆ ಜನ ಬೇಕಲ್ಲ. ನಿನ್ನ ವಿಷಯ ನಾನು ಮಾತಾಡ್ತೀನಿ."

ಸಂಜೆ ಅತ್ತೆಯ ಬೆನ್ನಿಗೆ ಎಣ್ಣೆ ತಿಕ್ಕುವಾಗ ಪೈಪಕ್ಕ ಎಲ್ಲ ಹೇಳಿದಳು.

"ಹಾಕ್ತೀಯಾ?" ಅತ್ತೆ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಹಾಕ್ದೇ ಇದ್ರೆ ಕೆಲ್ಸ ಹೋಗುತ್ತೆ."

"ಹಾಕಿದ್ರೆ?"

"ಇರುತ್ತೆ. ಇರಬಹುದು."

"ನನ್ನ ಕೇಳ್ಬೇಡ. ಬೆಂಕಿ ಬಿದ್ರೆ ಈ ಗಲ್ಲೀಲಿ ಎದ್ದು ಓಡೋಕಾಗದೋಳು ನಾನೊಬ್ಳೇ. ನಂಗೆ ಸ್ವಾರ್ಥ ಇದೆ." ಆಮೇಲೆ, "ಸ್ವಲ್ಪ ಕೆಳಗೆ ತಿಕ್ಕೇ. ಅಲ್ಲಿ ಅಲ್ಲ. ಇಷ್ಟು ವರ್ಷ ಪೈಪು ತಿಕ್ಕಿದ್ದೀಯ, ಅತ್ತೆ ಬೆನ್ನು ಎಲ್ಲಿದೆ ಗೊತ್ತಾಗಲ್ವಾ?" ಅಂದಳು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೇ ರಸ್ತೆಯಲ್ಲಿ ಪೊಲೀಸರು ನಿಂತರು. ತರಕಾರಿ ಗಾಡಿಗಳನ್ನು ಎಬ್ಬಿಸಿದರು. ಸಿಗ್ನಲ್ಲುಗಳಲ್ಲಿ ಬೇರೆ ಕಡೆಯ ವಾಹನ ತಡೆದರು. ಗೂಡ್ಸ್ ರೈಲು ಹಿಂದಿನ ರೈಲ್ವೆ ಸ್ಟೇಷನ್ನಿನಲ್ಲೇ ನಿಂತಿದೆಯಂತೆ, ಗೇಟು ತೆಗೆದೇ ಇರುತ್ತದಂತೆ ಎಂದು ಚಿಕ್ಕ ಗಾಡಿಯ ಡ್ರೈವರಣ್ಣ ಪೈಪಕ್ಕನ ಕಿವಿಯಲ್ಲಿ ಹೇಳಿದ. ಅವನಿಗೆ ಇನ್ನು ಎಂಟು ತಿಂಗಳು ಸರ್ವಿಸ್ ಬಾಕಿ ಇತ್ತು. ಹೇಳಿದ ಮೇಲೆ ಸುತ್ತಮುತ್ತ ನೋಡಿದ.

ಹನ್ನೊಂದಕ್ಕೆ ಸರಿಯಾಗಿ ಸೈರನ್ನು ಕೇಳಿತು. ಖಾಲಿ ರಸ್ತೆಯಲ್ಲಿ ಕೆಂಪು ಗಾಡಿ ಮದುವೆ ದಿಬ್ಬಣದ ಹಾಗೆ ಬಂತು. ಗಲ್ಲಿಯ ಬಾಯಲ್ಲಿ ನಿಂತಿತು. ಅದರ ಮೂತಿ ಗಲ್ಲಿಗಿಂತ ಒಂದೂವರೆ ಪಟ್ಟು ಅಗಲ. ಸ್ಟಾಪ್‌ವಾಚ್ ಹಿಡಿದ ಕನ್ನಡಕದವನು ಗುಂಡಿ ಒತ್ತಿ, "ಎಂಟು ನಿಮಿಷ, ನಾಲ್ಕು ಸೆಕೆಂಡ್" ಎಂದು ಕೂಗಿದ. ದೊಡ್ಡ ಸಾಹೇಬ ತಲೆಯಾಡಿಸಿದ. ಇಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಆಫೀಸರ್ ಕಾಗದ ತಂದ. 'ವಾಹನವು ಎಂಟು ನಿಮಿಷಗಳಲ್ಲಿ ಸ್ಥಳ ತಲುಪಿದ್ದನ್ನು ಸ್ಥಳೀಯ ನಿವಾಸಿಯಾದ ನಾನು ಕಣ್ಣಾರೆ ಕಂಡಿರುತ್ತೇನೆ.' ಕೆಳಗೆ ಗೀಟು. ಪೆನ್ನಿನ ಕ್ಯಾಪು ತೆಗೆದು ಅವಳ ಕೈಗಿಟ್ಟ.

ಅವಳು ಓದಿದಳು. ನಿಧಾನವಾಗಿ ಓದಿದಳು. ಎಲ್ಲರೂ ಕಾದರು.

"ಯಾವ ಸ್ಥಳ ಸಾರ್?"

"ಇದೇ. ಈ ಗಲ್ಲಿ."

"ಗಲ್ಲಿ ಇನ್ನೂ ಶುರುವೇ ಆಗಿಲ್ವಲ್ಲ ಸಾರ್. ಮೊದಲನೇ ಮನೆ ಅಲ್ಲಿದೆ. ಕೊನೇ ಮನೆ ಕಾಣೋದೂ ಇಲ್ಲ. ವಾಚು ಯಾಕೆ ನಿಲ್ಸಿದ್ರಿ?"

"ಗಾಡಿ ಬಂತಲ್ಲಮ್ಮಾ." ಆಫೀಸರನ ದನಿ ತಗ್ಗಿತು. "ಸಹಿ ಹಾಕು. ಸಾಹೇಬ್ರು ಕಾಯ್ತಿದಾರೆ."

"ಗಾಡಿ ಬಂದ್ರೆ ಬೆಂಕಿ ಆರುತ್ತಾ? ನೀರು ಬರ್ಬೇಕು." ಅವಳ ದನಿ ಏರಿತು. "ಇಲ್ಲಿಂದ ಕೊನೇಲಿರೋ ನಮ್ಮನೇಗೆ ಹನ್ನೊಂದು ಪೈಪು. ನಾನು ಜೋಡಿಸಿ ನೋಡಿದೀನಿ. ಹನ್ನೊಂದೂ ಎಳೀರಿ. ನೀರು ಬಿಡಿ. ಆಮೇಲೆ ವಾಚು ನಿಲ್ಸಿ. ಎಷ್ಟಾಗುತ್ತೋ ಅಷ್ಟು ಬರೀರಿ. ನಾನು ಸಹಿ ಹಾಕ್ತೀನಿ."

ದೊಡ್ಡ ಸಾಹೇಬ ಮೊದಲ ಸಲ ಅವಳ ಕಡೆ ನೋಡಿದ. "ಯಾರು ಈಕೆ?"

"ಕ್ಲೀನಿಂಗ್ ಸಾರ್," ಅಂದ ಆಫೀಸರ್.

"ಕ್ಲೀನಿಂಗಿನವರಿಗೆ ಟೆಕ್ನಿಕಲ್ ವಿಷಯ ಯಾಕೆ?"

ಆ ಮಾತು ಬಿದ್ದದ್ದೇ ತಡ, ಮೊದಲನೇ ಮನೆಯ ಬಾಗಿಲಲ್ಲಿ ಕೂತಿದ್ದ ನಾದಿನಿ ಕತ್ತರಿ ನೆಲಕ್ಕಿಟ್ಟು ಎದ್ದಳು. ಅವಳ ಹಿಂದೆ ಇನ್ನೊಬ್ಬಳು. ಬಾಗಿಲು ಬಾಗಿಲಿನಿಂದ ಹೆಂಗಸರು ಎದ್ದು ಬಂದರು. ಮೈತುಂಬ ಹತ್ತಿ. ಯಾರೂ ಕೈ ಎತ್ತಲಿಲ್ಲ, ಬೈಯಲಿಲ್ಲ. ಗಾಡಿಯ ಸುತ್ತ ನಿಂತರು ಅಷ್ಟೇ. ಪೊಲೀಸಿನವನು ಲಾಠಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ವಾಚು ಒತ್ತಪ್ಪಾ," ಅಂದಳು ಪೈಪಕ್ಕ ಕನ್ನಡಕದವನಿಗೆ. ಅವನಿಗೆ ಏನು ತೋಚಿತೋ, ಒತ್ತಿದ.

ಗಾಡಿಯಲ್ಲಿದ್ದದ್ದು ನಾಲ್ಕೇ ಪೈಪು. ಟ್ರಯಲ್ಲಿಗೆ ಸಾಕು ಅಂತ ಉಳಿದವನ್ನು ತಂದಿರಲಿಲ್ಲ. ಗಾಡಿಯ ಹುಡುಗರು ನಾಲ್ಕನ್ನು ಎಳೆದು ನಿಂತರು. ಅವಳು ಕಾಯಲಿಲ್ಲ. ಕಾಂಪೌಂಡು ಬಳಸಿ ಹಳೇ ಸ್ಟೇಷನ್ನಿಗೆ ಓಡಿದಳು. ತಾನೇ ಸುತ್ತಿಟ್ಟ ಸುರುಳಿ ಒಂದನ್ನು ಬಲಭುಜಕ್ಕೆ ಎಸೆದುಕೊಂಡಳು, ಇನ್ನೊಂದನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ನಾದಿನಿ ಒಂದು ಹೊತ್ತಳು. ಹೆಂಗಸರು ಇಬ್ಬಿಬ್ಬರು ಸೇರಿ ಒಂದೊಂದು ಹೊತ್ತರು. ಡ್ರೈವರಣ್ಣ ಗೇಟಿನ ಹತ್ತಿರ ನಿಂತಿದ್ದ. ಅವಳು ದಾಟಿ ಹೋಗುವಾಗ ನೆಲ ನೋಡಿದ. ಆಮೇಲೆ ಒಂದು ಸುರುಳಿ ಎತ್ತಿಕೊಂಡು ಹಿಂದೆ ಬಂದ.

ಬಿಚ್ಚು, ಎಳೆ, ಜೋಡಿಸು, ತಿರುಗಿಸು. ಹಿತ್ತಾಳೆಯ ಬಾಯಿಗೆ ಬಾಯಿ ಕೂರಿಸುವಾಗ ಅವಳ ಅಂಗೈ ಸುಲಿಯಿತು. ಪೈಪು ಹಾಸಿಗೆ ರಾಶಿಗಳಿಗೆ ಸಿಕ್ಕಿಕೊಂಡಿತು, ಚರಂಡಿಗೆ ಬಿತ್ತು, ಬಿಡಿಸಿದರು. "ನೀರು!" ಎಂದು ಕೂಗಿದಳು. ಪೈಪು ಉಬ್ಬುತ್ತಾ ಬಂತು. ಮಧ್ಯದಲ್ಲಿ ಎರಡು ಕಡೆ ಜೋಡಣೆ ಬಿಟ್ಟು ನೀರು ಗಲ್ಲಿಯಲ್ಲೇ ಚಿಮ್ಮಿತು. ಕೊನೇ ಮನೆಯ ಬಾಗಿಲಲ್ಲಿ, ಮಂಚದ ಮೇಲೆ ಕೂತ ಅತ್ತೆಯ ಕಾಲಬುಡಕ್ಕೆ, ಬೆರಳು ಗಾತ್ರದ ನೀರು ಬಿತ್ತು.

"ಇಷ್ಟಕ್ಕಾ ಇಷ್ಟು ಗದ್ದಲ?" ಅಂದಳು ಅತ್ತೆ. "ನಾನು ಉಗುಳಿದ್ರೂ ಇದಕ್ಕಿಂತ ದೂರ ಹೋಗುತ್ತೆ."

ಹೆಂಗಸರು ಕೇಕೆ ಹಾಕಿ ನಕ್ಕರು. ಕನ್ನಡಕದವನು ಪೈಪಿನ ಗುಂಟ ನಡೆದು ಅಲ್ಲಿಯವರೆಗೂ ಬಂದಿದ್ದ. ವಾಚು ನೋಡಿದ. "ಇಪ್ಪತ್ತಮೂರು," ಅಂದ ಮೆಲ್ಲಗೆ. "ಮೊದಲಿನ ಎಂಟು ಸೇರಿದ್ರೆ ಮೂವತ್ತೊಂದು."

"ಬರ್ಕೊಳ್ಳಿ."

ಅವನು ಗಲ್ಲಿಯ ಬಾಯಿಯ ಕಡೆ ನೋಡಿದ. ದೊಡ್ಡ ಸಾಹೇಬನ ಕಾರು ಹೊರಟುಹೋಗಿತ್ತು. ಅವನು ವಾಚನ್ನು ಜೇಬಿಗಿಟ್ಟುಕೊಂಡ.

ವರದಿಯಲ್ಲಿ ಎಂಟು ನಿಮಿಷ ಎಂದೇ ಬರೆದರು. ಸ್ಥಳೀಯ ನಿವಾಸಿಯ ಜಾಗದಲ್ಲಿ ಗಲ್ಲಿಯ ಹಾಸಿಗೆ ಗೋದಾಮಿನ ಮಾಲೀಕ ಸಹಿ ಹಾಕಿದ. ಅವನ ಮನೆ ಇದ್ದದ್ದು ರೈಲ್ವೆ ಗೇಟಿನ ಆಚೆ, ಹೊಸ ಸ್ಟೇಷನ್ನಿನ ಪಕ್ಕದ ಬೀದಿಯಲ್ಲಿ. ಅವನ ಮಟ್ಟಿಗೆ ಎಂಟು ನಿಮಿಷವೂ ಹೆಚ್ಚು.

ಮುಂದಿನ ತಿಂಗಳು ಲಾರಿ ಬಂತು. ಬೀರು, ಮೇಜು, ಸೈರನ್ನು, ಪೈಪು ಎಲ್ಲ ಹೋಯಿತು. ಚಿಕ್ಕ ಗಾಡಿಯನ್ನು ಸರಪಳಿ ಹಾಕಿ ಎಳೆದುಕೊಂಡು ಹೋದರು. ಓಡುವ ಗಾಡಿಯನ್ನು ಯಾಕೆ ಎಳೆಯುತ್ತೀರಿ ಎಂದು ಡ್ರೈವರಣ್ಣ ಕೇಳಿದನಂತೆ. ಗುಜರಿ ಅಂತ ಬರೆದಾಗಿದೆ, ಓಡಿಸಿಕೊಂಡು ಹೋದರೆ ಲೆಕ್ಕಕ್ಕೆ ತಪ್ಪಾಗುತ್ತದೆ ಅಂದರಂತೆ.

ಕೊನೆಯಲ್ಲಿ ಆಫೀಸರ್ ಬೀಗದ ಗೊಂಚಲು ಹಿಡಿದು ಬಂದ. "ನಿನ್ನ ಪರವಾಗಿ ಮಾತಾಡೋ ಹಾಗೆ ನೀನೇ ಇಟ್ಕೊಳ್ಳಲಿಲ್ಲ," ಅಂದ. "ಇರಲಿ. ಬೀಗ ಹಾಕೋ ಮುಂಚೆ ಒಂದ್ಸಲ ಕಕ್ಕಸು ತೊಳೆದುಬಿಡು. ಬಿಲ್ಡರ್ ಕಡೆಯವರು ನೋಡೋಕೆ ಬರ್ತಾರೆ."

"ತೊಳೆಯಲ್ಲ."

"ಏನು?"

"ತೊಳೆಯಲ್ಲ ಅಂದೆ. ನೀವೇ ತೊಳೀರಿ. ಇಲ್ಲಾಂದ್ರೆ ಹಾಗೇ ಕೊಡಿ. ಅವರಿಗೂ ವಾಸನೆ ಗೊತ್ತಾಗಲಿ."

ಪೊರಕೆಯನ್ನು ಅವನ ಕಾಲ ಬಳಿ ಇಟ್ಟು ಹೊರಗೆ ಬಂದಳು. ಮಾರನೇ ದಿನದಿಂದ ಅವಳೂ ಬಾಗಿಲಲ್ಲಿ ಕೂತು ಹಾಸಿಗೆ ಬಿಚ್ಚತೊಡಗಿದಳು.

ಮೂರು ವಾರ ಕಳೆದಿತ್ತು. ಮಧ್ಯಾಹ್ನ ಎರಡರ ಹೊತ್ತು. ಸ್ಪ್ರಿಂಗಿನ ಚೌಕಟ್ಟು ಕೊಯ್ಯುವ ಮೆಷಿನ್ನಿನಿಂದ ಕಿಡಿ ಹಾರಿತು. ಫೋಮು ಹತ್ತಿಕೊಳ್ಳುವಾಗ ಸದ್ದು ಮಾಡುವುದಿಲ್ಲ. ಕಪ್ಪು ಹೊಗೆ ಬಂದ ಮೇಲೇ ಗೊತ್ತಾಗುವುದು. ಫೋನು ಮಾಡಿದರು. ಬರ್ತಿದೀವಿ ಅಂದರು. ಹೊರಟದ್ದೂ ನಿಜ. ಸೈರನ್ನು ಕೇಳಿಸಿತು. ದೂರದಿಂದ ಹತ್ತಿರ ಬಂತು. ಆಮೇಲೆ ಅಲ್ಲೇ ನಿಂತಿತು. ಹತ್ತಿರವೂ ಬರಲಿಲ್ಲ, ದೂರವೂ ಹೋಗಲಿಲ್ಲ. ಒಂದೇ ಜಾಗದಲ್ಲಿ ನಿಂತು ಕೂಗುತ್ತಲೇ ಇತ್ತು. ರೈಲ್ವೆ ಗೇಟು ಹಾಕಿತ್ತು.

ಆ ಕೂಗು ಕೇಳುತ್ತಾ ಹೆಂಗಸರು ಬೆಂಕಿಯ ಜೊತೆ ಗುದ್ದಾಡಿದರು. ಇನ್ನೂ ಹತ್ತಿಕೊಳ್ಳದ ಎರಡು ಶೆಡ್ಡುಗಳನ್ನು ಪೈಪಕ್ಕ ಕೆಡವಿಸಿದಳು. "ಕೆಡವ್ರೇ! ಇದು ಇದ್ರೆ ಎಲ್ಲಾ ಹೋಗುತ್ತೆ!" ತಮ್ಮ ಮನೆಯ ತಗಡನ್ನು ತಾವೇ ಕಿತ್ತರು. ನಾದಿನಿ ಉರಿಯುವ ಫೋಮನ್ನು ಬರಿಗೈಯಲ್ಲಿ ಎಳೆದೆಳೆದು ಚರಂಡಿಗೆ ಎಸೆದಳು. ಫೋಮು ಕರಗಿ ಅವಳ ಕೈಗೆ ಅಂಟಿತು. ಅವಳು ಎಸೆಯುವುದನ್ನು ನಿಲ್ಲಿಸಲಿಲ್ಲ. ನಾಲ್ಕು ಜನ ಅತ್ತೆಯನ್ನು ಮಂಚದ ಸಮೇತ ಹೊತ್ತು ರಸ್ತೆಗೆ ಹಾಕಿದರು. ಮೂವತ್ತನಾಲ್ಕನೇ ನಿಮಿಷಕ್ಕೆ ದೊಡ್ಡ ಗಾಡಿ ಗಲ್ಲಿಯ ಬಾಯಿಗೆ ಬಂದು, ಬೂದಿಗೆ ನೀರು ಹೊಡೆಯಿತು. ಐದು ಮನೆ ಹೋಗಿದ್ದವು. ಪ್ರಾಣಹಾನಿ ಇಲ್ಲ ಎಂದು ಬರೆದುಕೊಂಡು ಹೋದರು.

ನಾದಿನಿಯ ಎರಡೂ ಕೈಗೆ ಮೊಣಕೈವರೆಗೆ ಬಟ್ಟೆ ಸುತ್ತಿದರು. ಪೈಪಕ್ಕ ದಿನಾ ಆಸ್ಪತ್ರೆಗೆ ಹೋಗಿ ತುತ್ತಿಡುತ್ತಿದ್ದಳು. "ಅತ್ತಿಗೇ, ಇನ್ನು ಕತ್ತರಿ ಹಿಡಿಯೋಕಾಗಲ್ವಂತೆ," ಅಂದಳು ಒಂದು ದಿನ. ಅಳಲಿಲ್ಲ. "ಬೆರಳು ಕೂಡಿಕೊಂಡುಬಿಡ್ತಾವಂತೆ." ಪೈಪಕ್ಕನ ಅನ್ನ ಕಲಸಿದ ಕೈ ಹಾಗೇ ತಟ್ಟೆಯಲ್ಲಿ ನಿಂತುಹೋಯಿತು.

ಹೊಸ ಸ್ಟೇಷನ್ನಿನ ಉದ್ಘಾಟನೆ ಇನ್ನೂ ಆಗಿರಲಿಲ್ಲ. ದೊಡ್ಡವರ ಡೇಟು ಸಿಕ್ಕಿರಲಿಲ್ಲ. ಈಗ ಸಿಕ್ಕಿತು. ರಸ್ತೆ ಉದ್ದಕ್ಕೂ ಬ್ಯಾನರು ಹಾಕಿದರು. 'ಎಂಟೇ ನಿಮಿಷದಲ್ಲಿ ನಿಮ್ಮ ಬಾಗಿಲಿಗೆ.' ಒಂದು ಬ್ಯಾನರು ಸುಟ್ಟ ಶೆಡ್ಡುಗಳ ಎದುರಿಗೇ ಬಂತು.

ಅದನ್ನು ಓದಿ ಹೇಳಿದಾಗ ಅತ್ತೆ ಅಂದಳು: "ಅವರಿಗೆ ನಮ್ಮ ಹತ್ರ ಬರೋಕಾಗಲ್ಲ. ಸರಿ. ನಾವೇ ಅವರ ಹತ್ರ ಹೋಗಿ ಇರೋಣ. ನಂಗೂ ಹೊಸ ಜಾಗ ನೋಡಿದ ಹಾಗಾಯ್ತು."

ಯಾರೂ ನಗಲಿಲ್ಲ.

ಉದ್ಘಾಟನೆಯ ದಿನ ಬೆಳಿಗ್ಗೆ ಹದಿನಾಲ್ಕು ತಳ್ಳುಗಾಡಿ ಹೊರಟವು. ಒಂದೊಂದರಲ್ಲೂ ಹಾಸಿಗೆ. ಮೊದಲನೆಯದರಲ್ಲಿ ಅತ್ತೆ. ರೈಲ್ವೆ ಗೇಟಿನಲ್ಲಿ ನಿಂತು, ರೈಲು ಹೋದ ಮೇಲೆ ದಾಟಿದರು. ಹೊಸ ಸ್ಟೇಷನ್ನು ಹೊಳೆಯುತ್ತಿತ್ತು. ಮುಂದೆ ಟೆನಿಸ್ ಆಡಬಹುದಾದಷ್ಟು ಕಾಂಕ್ರೀಟು ಅಂಗಳ, ಮೂರು ಎತ್ತರದ ಬಾಗಿಲು, ಬಾಗಿಲಿಗೆ ಅಡ್ಡ ಕೆಂಪು ರಿಬ್ಬನ್ನು. ಪಕ್ಕದಲ್ಲಿ ಶಾಮಿಯಾನ, ಕುರ್ಚಿ, ಮೈಕು.

"ಗಾಡಿ ಹೊರಡೋ ದಾರಿ ಬಿಟ್ಟು ಹಾಸ್ರೇ," ಅಂದಳು ಪೈಪಕ್ಕ. "ನಡೂ ಬಾಗಿಲಿನ ನೇರಕ್ಕೆ ಒಂದೂ ಇರಬಾರದು. ಬೇರೆಯವರ ಮನೆ ಸುಡಬಾರದು."

ಎಡಕ್ಕೂ ಬಲಕ್ಕೂ ಹಾಸಿಗೆ ಹಾಸಿದರು. ಕೂತರು. ಕತ್ತರಿ ತೆಗೆದು ಕೆಲಸ ಶುರುಮಾಡಿದರು. ಚರಕ್, ಚರಕ್ ಎಂದು ಹೊಲಿಗೆ ಬಿಚ್ಚಿತು. ಹತ್ತಿ ಎದ್ದಿತು. ಗಾಳಿ ಶಾಮಿಯಾನದ ಕಡೆಗೇ ಬೀಸುತ್ತಿತ್ತು.

ಆಫೀಸರ್ ಓಡಿ ಬಂದ. ಹೊಸ ಯೂನಿಫಾರಮ್ಮು, ಎದೆಯ ಮೇಲೆ ಹತ್ತಿ. "ಏನಮ್ಮಾ ಇದು? ಏನು ಮಾಡ್ತಿದೀರ?"

"ಮನೆ ಬದಲಾಯಿಸಿದ್ವಿ ಸಾರ್. ಸ್ಥಳಾಂತರ." ಈಗ ಆ ಪದ ಅವಳ ನಾಲಿಗೆಗೆ ಸಲೀಸಾಗಿ ಬಂತು. "ಅಲ್ಲಿದ್ರೆ ನಿಮ್ಮ ಗಾಡಿ ಬರೋಕಾಗಲ್ಲ. ಇಲ್ಲಾದ್ರೆ ತೊಂದರೆ ಇಲ್ಲ."

"ಈಗ ಎದ್ದೇಳಿ. ಆಮೇಲೆ ಮಾತಾಡೋಣ."

"ಮೂರು ಸಲ ಮಾತಾಡೋಕೆ ಬಂದಿದ್ವಿ. ಏಳನೇ ಕಿಟಕೀಲಿ ಕೇಳಿ. ಚಿಕ್ಕ ಗಾಡಿ ವಾಪಸ್ ತನ್ನಿ, ಹಳೇ ಸ್ಟೇಷನ್ ತೆಗೀರಿ. ಏಳ್ತೀವಿ."

ಅಷ್ಟರಲ್ಲಿ ದೊಡ್ಡವರ ಕಾರುಗಳು ಬಂದವು. ಒಂದರ ಹಿಂದೆ ಒಂದು. ಹಾಸಿಗೆ ಇಲ್ಲದ ಜಾಗ ಒಂದೇ ಇತ್ತು, ನಡು ಬಾಗಿಲಿನ ನೇರಕ್ಕೆ. ಅಲ್ಲಿಯೇ ನಿಲ್ಲಿಸಿದರು. ಏಳು ಕಾರು.

"ಅಲ್ಲಿ ನಿಲ್ಲಿಸ್ಬೇಡ್ರೀ!" ಎಂದು ಪೈಪಕ್ಕ ಕೂಗಿದಳು. ಯಾರೂ ತಿರುಗಿ ನೋಡಲಿಲ್ಲ. ದೊಡ್ಡವರು ಮೂಗಿಗೆ ಕರವಸ್ತ್ರ ಹಿಡಿದು ಶಾಮಿಯಾನದೊಳಗೆ ಹೋದರು. ಭಾಷಣ ಶುರುವಾಯಿತು.

ಭಾಷಣದ ನಡುವೆ ಸ್ಟೇಷನ್ನಿನ ಗಂಟೆ ಹೊಡೆಯಿತು.

ಎಲ್ಲರೂ ಅದೂ ಕಾರ್ಯಕ್ರಮದ ಭಾಗ ಅಂದುಕೊಂಡರು. ಪೈಪಕ್ಕನಿಗೆ ಗೊತ್ತಾಯಿತು. ಮೂರು ಉದ್ದ, ಎರಡು ಗಿಡ್ಡ. ನಿಜವಾದ ಕರೆ. ರೈಲ್ವೆ ಗೇಟಿನ ಈಚೆಯೇ ಇದ್ದ ಎತ್ತರದ ಅಪಾರ್ಟ್‌ಮೆಂಟೊಂದರ ಕಡೆಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಹುಡುಗರು ಓಡಿ ಬಂದು ಗಾಡಿ ಹತ್ತಿದರು. ಬಾಗಿಲು ಮೇಲೆದ್ದಿತು. ರಿಬ್ಬನ್ನು ಯಾರೂ ಕತ್ತರಿಸದೆಯೇ ಹರಿಯಿತು. ಗಾಡಿ ಎರಡು ಮಾರು ಮುಂದೆ ಬಂದು ನಿಂತುಬಿಟ್ಟಿತು. ಎದುರಿಗೆ ಏಳು ಕಾರು. ಕಾರಿನ ಡ್ರೈವರುಗಳು ಹಿಂದೆಲ್ಲೋ ತಿಂಡಿ ತಿನ್ನುತ್ತಿದ್ದರು.

"ಏಳ್ರೇ!" ಅಂದಳು ಪೈಪಕ್ಕ.

ಹೆಂಗಸರು ಎದ್ದರು. ಕತ್ತರಿ ಬಿಸಾಕಿದರು. ಬಲಗಡೆಯ ಹಾಸಿಗೆಗಳನ್ನು ಎಳೆದು ಗೋಡೆಗೆ ಒಟ್ಟಿದರು. ಮೂವತ್ತು ಎಣಿಸುವುದರೊಳಗೆ ಅರ್ಧ ಅಂಗಳ ಖಾಲಿ. ಆಮೇಲೆ ಕಾರುಗಳಿಗೆ ಕೈಹಾಕಿದರು. ಬೀಗ ಹಾಕಿದ ಕಾರು ಉರುಳುವುದಿಲ್ಲ. ಹನ್ನೆರಡು ಜನ ಒಂದೊಂದು ಕಾರಿನ ಬುಡಕ್ಕೆ ಕೈ ಕೊಟ್ಟು, ಎತ್ತಿ ಎತ್ತಿ ಪಕ್ಕಕ್ಕೆ ಸರಿಸಿದರು. ಕಾರುಗಳು ಒಂದೊಂದಾಗಿ ಕೂಗತೊಡಗಿದವು. ಪೈಪಕ್ಕನ ಬಲಭುಜದಲ್ಲಿ ಏನೋ ಲಟಕ್ ಎಂದಿತು. ಬಿಡಲಿಲ್ಲ. ಗಾಡಿಯ ಹುಡುಗರೂ ಇಳಿದು ಕೈಜೋಡಿಸಿದರು. "ನನ್ನ ಕಾರು! ನನ್ನ ಕಾರು!" ಎಂದು ಯಾರೋ ಮೈಕಿನಲ್ಲೇ ಕೂಗಿದರು.

ದಾರಿಯಾಯಿತು. ಗಾಡಿ ಅವಳ ಪಕ್ಕದಿಂದ ಹಾದು ಹೋಯಿತು. ಎತ್ತರದ ಕಟ್ಟಡ, ಅಗಲ ರಸ್ತೆ. ಎರಡೇ ನಿಮಿಷದಲ್ಲಿ ತಲುಪಿ ಬೆಂಕಿ ಆರಿಸಿದರಂತೆ.

ಹೆಂಗಸರು ಹಾಸಿಗೆಗಳನ್ನು ಮತ್ತೆ ಎಳೆದು ತಂದು ಹಾಸಿ ಕೂತರು. ಒಂದು ಗಂಟೆಯೊಳಗೆ ಪೊಲೀಸ್ ವ್ಯಾನು ಬಂತು. ಕಾರುಗಳಿಗೆ ಹಾನಿ, ಸರ್ಕಾರಿ ಕೆಲಸಕ್ಕೆ ಅಡ್ಡಿ. ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಏರಿಸಿದರು. ಅತ್ತೆಯನ್ನು ಏನು ಮಾಡುವುದೆಂದು ತೋಚದೆ ಇಬ್ಬರು ಪೊಲೀಸರು ಅವಳ ಎದುರು ನಿಂತರು.

"ಎತ್ತಿ ನೋಡ್ರಪ್ಪಾ," ಅಂದಳು ಅತ್ತೆ. "ಸೊಂಟ ಮುರಿದಿದೆ. ಇನ್ನೊಂದು ಸಲ ಮುರಿದ್ರೆ ನಿಮ್ಮ ಮನೇಲೇ ಸಾಕ್ಬೇಕಾಗುತ್ತೆ."

ಅವಳನ್ನು ಅಲ್ಲೇ ಬಿಟ್ಟರು.

ಸಂಜೆಗೆ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟು ಕಳಿಸಿದರು. ಮಾರನೇ ಬೆಳಿಗ್ಗೆ ಮತ್ತೆ ತಳ್ಳುಗಾಡಿಗಳು ಹೊರಟವು. ಅಂಗಳದ ಸುತ್ತ ತಂತಿ ಬೇಲಿ ಹಾಕಿದ್ದರು. ಬೇಲಿಯ ಹೊರಗೆ ಕೂತರು. ನಾಲ್ಕನೇ ದಿನ ನಾದಿನಿ ಆಸ್ಪತ್ರೆಯಿಂದ ನೇರ ಅಲ್ಲಿಗೇ ಬಂದು, ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಡ್ರೈವರಣ್ಣ ಒಳಗಿನಿಂದ ಒಂದು ಕೊಡ ನೀರು ತಂದಿಟ್ಟು ಹೋದ. ಪೇಪರಿನಲ್ಲಿ ಕಾರುಗಳ ಫೋಟೋ ಬಂತು. ಸುಟ್ಟ ಮನೆಗಳದ್ದು ಬರಲಿಲ್ಲ.

ಹನ್ನೆರಡನೇ ದಿನ ಆಫೀಸರ್ ಬೇಲಿ ದಾಟಿ ಬಂದ. ಟೋಪಿ ಕೈಯಲ್ಲಿತ್ತು. ದೊಡ್ಡ ಸಾಹೇಬರ ಜೊತೆ ಮಾತಾಡಿದ್ದೇನೆ ಅಂದ. ಅವಳ ಕೆಲಸ ವಾಪಸ್ ಕೊಡಲು ಒಪ್ಪಿದ್ದಾರೆ ಅಂದ. ಗುತ್ತಿಗೆಯಲ್ಲ, ಖಾಯಂ. ರಿಜಿಸ್ಟರಿನಲ್ಲಿ ಹೆಸರು ಬರೆಯುತ್ತಾರೆ. ಕೇಸೂ ತೆಗೆಯುತ್ತಾರೆ. ಹೆಂಗಸರನ್ನು ಎಬ್ಬಿಸಿಕೊಂಡು ಹೋದರೆ ಸಾಕು.

ಸುತ್ತಲಿದ್ದವರ ಕತ್ತರಿಗಳು ನಿಂತವು. ನಾದಿನಿ ಅತ್ತಿಗೆಯ ಮುಂದಿದ್ದ ಹಾಸಿಗೆಯನ್ನೇ ನೋಡುತ್ತಿದ್ದಳು, ಮುಖ ನೋಡಲಿಲ್ಲ.

ಪೈಪಕ್ಕ ಹೊಲಿಗೆಯ ದಾರವನ್ನು ಹಲ್ಲಲ್ಲಿ ಕಚ್ಚಿ ಎಳೆದಳು. "ಚಿಕ್ಕ ಗಾಡಿ ಸಾರ್?"

"ಅದು ನನ್ನ ಕೈಲಿಲ್ಲ."

"ಬರಲ್ವಾ?"

"ನೋಡೋಣ. ಮೇಲೆ ಬರೆದಿದೀನಿ. ಟೈಮ್ ಆಗುತ್ತೆ."

ಅವಳು ಅವನ ಬೂಟುಗಳ ಕಡೆ ನೋಡಿದಳು.

"ಹಾಗಾದ್ರೆ ಹತ್ತಿ ಮೇಲಿಂದ ಕಾಲು ತೆಗೀರಿ," ಅಂದಳು. "ಕೆಲ್ಸ ಮಾಡ್ಬೇಕು."